ಜಗ್ಗಿದವರು ಯಾರು?

2013ರ ಅಕ್ಟೋಬರಿನಲ್ಲಿ ‘ಗ್ರಾವಿಟಿ’ ನೋಡಿ ಹೊರಗೆ ಬಂದಾಗ ನನ್ನ ಕಣ್ಣು ಒದ್ದೆಯಾಗಿತ್ತು. ತ್ರೀಡಿ ಕನ್ನಡಕವನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕುವ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಗೆಳೆಯ ಕೇಳಿದ, “ಅಲ್ಲಲೇ, ಅಂವ ಹಗ್ಗ ಯಾಕ ಬಿಟ್ಟ?”

ಗೆಳೆಯ ಹುಬ್ಬಳ್ಳಿಯವನು. ಮೆಕ್ಯಾನಿಕಲ್ ಓದಿ, ನಮ್ಮೆಲ್ಲರ ಹಾಗೆ ಸಾಫ್ಟ್‌ವೇರಿಗೆ ಬಂದು ಬಿದ್ದವನು. “ಅವಳನ್ನ ಉಳಿಸೋಕೆ” ಅಂದೆ. “ಅದು ತಿಳೀತು. ಅಂವನ್ನ ಜಗ್ಗಾಕತ್ತಿದ್ದು ಯಾರು?” ಅಂದ.

ಮಾಲಿನ ಬೇಸ್‌ಮೆಂಟಿನಲ್ಲಿ ಬೈಕಿಗೆ ಒರಗಿಕೊಂಡು ಮುಕ್ಕಾಲು ಗಂಟೆ ಜಗಳವಾಡಿದೆವು. ಕೊನೆಗೆ ಉತ್ತರ ಹೊಳೆಯದೆ, “ಇದು ಸಿನಿಮಾ ಕಣೋ, ಪಿಯುಸಿ ಫಿಸಿಕ್ಸ್ ಅಲ್ಲ” ಎಂದು ಬ್ರಹ್ಮಾಸ್ತ್ರ ಬಿಟ್ಟೆ. ಅವನು ಸುಮ್ಮನಾದ. ನಾನು ಗೆದ್ದೆ ಅಂದುಕೊಂಡೆ.

ಮೊನ್ನೆ ಮನೆಯ ಟಿವಿಯಲ್ಲಿ ಅದೇ ಸಿನಿಮಾವನ್ನು ಮತ್ತೆ ನೋಡಿದೆ. ಈ ಸಲ ಆ ದೃಶ್ಯ ಬಂದಾಗ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ಗೆಳೆಯನ ಪ್ರಶ್ನೆ ಸರಿಯಾಗೇ ಇತ್ತು. ಅವನು ಅದನ್ನು ಫಿಸಿಕ್ಸಿನ ತಪ್ಪು ಅಂದುಕೊಂಡಿದ್ದ, ನಾನು ಹಾಗಾದರೆ ಕಥೆಗೆ ಅದರಿಂದ ನಷ್ಟವಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಅದು ಕಥೆಯದ್ದೇ ತಪ್ಪು. ಹಳೆಯ ಸಿನಿಮಾ, ಹಾಗಾಗಿ ಕಥೆಯನ್ನು ಪೂರ್ತಿ ಹೇಳಿಬಿಡ್ತೀನಿ. ನೋಡದೇ ಇದ್ದವರು ಕ್ಷಮಿಸಬೇಕು.

ಮೊದಲು ಸಿನಿಮಾಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಅಲ್ಫೊನ್ಸೊ ಕ್ವಾರೋನ್ ನಿರ್ದೇಶನದ ಈ ಚಿತ್ರಕ್ಕೆ ಏಳು ಆಸ್ಕರ್ ಬಂದವು. ಬಂದಿದ್ದು ಸುಮ್ಮನೆ ಅಲ್ಲ. ಹಬಲ್ ದೂರದರ್ಶಕವನ್ನು ದುರಸ್ತಿ ಮಾಡಲು ಹೋದ ತಂಡದಲ್ಲಿ ಡಾಕ್ಟರ್ ರಯಾನ್ ಸ್ಟೋನ್ ಎಂಬಾಕೆ ಇದ್ದಾಳೆ, ಸಾಂಡ್ರಾ ಬುಲಕ್ ಮಾಡಿದ ಪಾತ್ರ. ಜೊತೆಗೆ ಅನುಭವಿ ಗಗನಯಾತ್ರಿ ಮ್ಯಾಟ್ ಕೊವಾಲ್ಸ್ಕಿ, ಅದು ಜಾರ್ಜ್ ಕ್ಲೂನಿ. ಒಡೆದ ಉಪಗ್ರಹಗಳ ಚೂರುಗಳು ಬಂದು ಬಡಿಯುತ್ತವೆ. ಸ್ಟೋನ್ ಕಟ್ಟಿಕೊಂಡಿದ್ದ ಯಂತ್ರದ ತೋಳು ಮುರಿದು ಗಿರಗಿರನೆ ತಿರುಗಲು ಶುರುವಾಗುತ್ತದೆ. ಅವಳು ಬೆಲ್ಟು ಬಿಚ್ಚಿಕೊಂಡು ತೋಳಿನಿಂದ ಬೇರೆಯಾಗುತ್ತಾಳೆ. ಆದರೂ ತಿರುಗುವುದು ನಿಲ್ಲುವುದಿಲ್ಲ. ಕೈಕಾಲು ಆಡಿಸುತ್ತಾಳೆ, ಕಿರುಚುತ್ತಾಳೆ, ಏನು ಮಾಡಿದರೂ ನಿಲ್ಲುವುದಿಲ್ಲ. ಹಿಡಿಯಲು ಏನೂ ಇಲ್ಲ, ತಡೆಯಲು ಗಾಳಿಯೂ ಇಲ್ಲ.

ನಾವು ಶಾಲೆಯಲ್ಲಿ ‘ಜಡತ್ವ’ ಅಂತ ಉರು ಹೊಡೆದೆವಲ್ಲ, ಅದು ಇದು. ಆ ಪದವೇ ನಮ್ಮನ್ನು ಅರ್ಧ ದಾರಿ ತಪ್ಪಿಸುತ್ತದೆ. ಜಡ ಅಂದರೆ ನಮಗೆ ಸೋಮಾರಿ, ಕೂತಲ್ಲೇ ಕೂತವನು. ಇಂಗ್ಲಿಷಿನವರದ್ದೂ ಅದೇ ಕಥೆ. ‘ಇನರ್ಶಿಯಾ’ದ ಲ್ಯಾಟಿನ್ ಮೂಲಕ್ಕೂ ಆಲಸ್ಯ ಅಂತಲೇ ಅರ್ಥ. ಕೆಪ್ಲರ್ ಆ ಪದವನ್ನು ಬಳಸಿದಾಗ, ವಸ್ತುಗಳು ಸ್ವಭಾವತಃ ನಿಂತುಬಿಡಲು ಬಯಸುತ್ತವೆ ಎನ್ನುವ ಅರ್ಥದಲ್ಲೇ ಬಳಸಿದ್ದ. 1687ರಲ್ಲಿ ನ್ಯೂಟನ್ ಅದೇ ಪದವನ್ನು ಇಟ್ಟುಕೊಂಡು ಅರ್ಥವನ್ನು ಬದಲಿಸಿದ. ನಿಂತದ್ದು ನಿಂತೇ ಇರುತ್ತದೆ, ಸರಿ. ಆದರೆ ಹೊರಟದ್ದು ಹೋಗುತ್ತಲೇ ಇರುತ್ತದೆ, ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ. ಹೋಗುತ್ತಿರುವುದಕ್ಕೆ ಕಾರಣ ಬೇಕಿಲ್ಲ, ನಿಲ್ಲುವುದಕ್ಕೆ ಬೇಕು. ಮೊದಲರ್ಧವನ್ನು ಯಾರು ಬೇಕಾದರೂ ಒಪ್ಪುತ್ತಾರೆ. ಎರಡನೇ ಅರ್ಧವನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರೂ ಒಳಗಿಂದ ನಂಬುವುದಿಲ್ಲ. ಯಾಕೆಂದರೆ ನಮ್ಮ ನೆಲದ ಮೇಲೆ ನೂಕುವುದು ನಿಲ್ಲಿಸಿದರೆ ಗಾಡಿ ನಿಲ್ಲುತ್ತದೆ. ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ.

‘ಗ್ರಾವಿಟಿ’ಯ ಮೊದಲ ಭಾಗ ಈ ಎರಡನೇ ಅರ್ಧವನ್ನು ಹೊಟ್ಟೆಯೊಳಗೆ ಇಳಿಸುತ್ತದೆ. ನನ್ನ ಹತ್ತು ವರ್ಷದ ಪಾಠ ಮಾಡಲಾಗದ್ದನ್ನು ಹತ್ತು ನಿಮಿಷದಲ್ಲಿ ಮಾಡುತ್ತದೆ. ಇಷ್ಟು ಚೆನ್ನಾಗಿ ಗೊತ್ತಿದ್ದವರೇ ಮುಂದೆ ಮೋಸ ಮಾಡುತ್ತಾರಲ್ಲ, ಅದಕ್ಕೇ ಬೇಜಾರು.

ಆ ದೃಶ್ಯಕ್ಕೆ ಬರೋಣ. ಇಬ್ಬರೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪುತ್ತಾರೆ, ಆದರೆ ವೇಗ ಜಾಸ್ತಿ. ಬಡಿದು ಪುಟಿದು ಆಚೆ ಹೋಗುತ್ತಾರೆ. ಸ್ಟೋನಳ ಕಾಲು ಸೋಯುಜ್ ನೌಕೆಯಿಂದ ಹೊರಬಿದ್ದ ಪ್ಯಾರಾಚೂಟಿನ ಹಗ್ಗಗಳಿಗೆ ಸಿಕ್ಕಿಕೊಳ್ಳುತ್ತದೆ. ಕೊವಾಲ್ಸ್ಕಿಗೆ ಕಟ್ಟಿದ ಪಟ್ಟಿ ಅವಳ ಕೈಗೆ ಸಿಗುತ್ತದೆ. ಹಗ್ಗ ಬಿಗಿಯಾಗುತ್ತದೆ. ನಿಲ್ದಾಣ, ಹಗ್ಗ, ಅವಳು, ಪಟ್ಟಿ, ಅವನು, ಎಲ್ಲ ಒಂದು ಸಾಲಿನಲ್ಲಿ ನಿಲ್ಲುತ್ತವೆ. ಇಲ್ಲಿಂದ ಮುಂದೆ ಅವನನ್ನು ಯಾವುದೋ ಶಕ್ತಿ ಸತತವಾಗಿ ಆಚೆಗೆ ಎಳೆಯುತ್ತಿದೆ. ಅವಳ ಕಾಲಿಗೆ ಸುತ್ತಿದ ಹಗ್ಗ ಸಡಿಲವಾಗುತ್ತಿದೆ. ಹೀಗೇ ಇದ್ದರೆ ಇಬ್ಬರೂ ಹೋಗುತ್ತೇವೆ ಎಂದು ಲೆಕ್ಕ ಹಾಕಿ, ಅವನು ತನ್ನ ಕೊಂಡಿಯನ್ನು ತಾನೇ ಕಳಚಿಕೊಂಡು ಹೊರಟುಹೋಗುತ್ತಾನೆ.

ಜಗ್ಗಿದವರು ಯಾರು?

ಬೆಟ್ಟದ ಅಂಚಿನಲ್ಲಿ ನಾಯಕ ನೇತಾಡುವುದನ್ನು ನೂರು ಸಿನಿಮಾಗಳಲ್ಲಿ ನೋಡಿದ್ದೇವೆ. ಮೇಲಿನವನ ಕೈ ಕೆಳಗಿನವನ ಕೈಯನ್ನು ಹಿಡಿದಿದೆ. ಅಲ್ಲಿ ಲೆಕ್ಕ ಸರಿ ಇದೆ. 70 ಕಿಲೋ ಮನುಷ್ಯನನ್ನು ಭೂಮಿ ಸುಮಾರು 700 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತಿರುತ್ತದೆ, ಕ್ಷಣ ಕ್ಷಣವೂ. ಹಿಡಿದ ಕೈ ಅಷ್ಟೇ ಬಲದಿಂದ ಮೇಲೆ ಎಳೆಯುತ್ತಿರಬೇಕು. ಎರಡೂ ಸಮ ಇರುವಷ್ಟು ಹೊತ್ತು ಅವನು ಅಲ್ಲಾಡದೆ ನೇತಾಡುತ್ತಾನೆ. ಇದು ಸಮತೋಲನ. ನಿಮ್ಮ ಮೇಜಿನ ಮೇಲಿನ ಕಾಫಿ ಕಪ್ಪು ‘ಸುಮ್ಮನೆ’ ಕೂತಿದೆ ಅಂತ ಕಾಣುತ್ತದಲ್ಲ, ಅದೂ ಇದೇ. ಭೂಮಿ ಕೆಳಕ್ಕೆ ಎಳೆಯುತ್ತಿದೆ, ಮೇಜು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ. ಬಲವಿಲ್ಲ ಎಂದಲ್ಲ, ಬಲಗಳು ಒಂದನ್ನೊಂದು ಸರಿದೂಗಿಸಿವೆ.

ಈಗ ಅದೇ ಚಿತ್ರವನ್ನು ಕಕ್ಷೆಗೆ ಒಯ್ಯಿರಿ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಗುರುತ್ವ ಇಲ್ಲ ಎನ್ನುವುದು ತಪ್ಪು, ನೆಲದ ಮೇಲಿರುವುದರ ಹೆಚ್ಚುಕಮ್ಮಿ ಶೇಕಡಾ 90ರಷ್ಟು ಇದೆ. ಆದರೆ ನಿಲ್ದಾಣ, ಸ್ಟೋನ್, ಕೊವಾಲ್ಸ್ಕಿ ಮೂರೂ ಒಟ್ಟಿಗೆ ಬೀಳುತ್ತಿವೆ. ಗಂಟೆಗೆ 27,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಅಡ್ಡ ಹೋಗುತ್ತ ಬೀಳುವುದರಿಂದ ನೆಲಕ್ಕೆ ಮುಟ್ಟದೆ ಸುತ್ತು ಹಾಕುತ್ತಿವೆ, ಅಷ್ಟೆ. ಒಟ್ಟಿಗೆ ಬೀಳುವವರಲ್ಲಿ ಒಬ್ಬನನ್ನು ಮಾತ್ರ ಬೇರೆ ಕಡೆ ಎಳೆಯುವವರು ಅಲ್ಲಿ ಇಲ್ಲ. ಪುಟಿದಾಗಿನ ವೇಗವನ್ನು ಹಗ್ಗ ತಿಂದುಹಾಕಿದೆ. ಅವರು ನಿಂತಿದ್ದಾರೆ. ನಿಂತವರು ನಿಂತೇ ಇರುತ್ತಾರೆ. ಹಿಡಿದುಕೊಳ್ಳುವ ಅವಶ್ಯಕತೆಯೇ ಇಲ್ಲ!

ಸಿನಿಮಾದ ಪರವಾಗಿ ವಾದಿಸುವವರೂ ಇದ್ದಾರೆ, ಅವರ ಮಾತನ್ನೂ ಕೇಳಬೇಕು. ಭೂಮಿಯಿಂದ ದೂರ ಇದ್ದಷ್ಟೂ ಎಳೆತ ಕಮ್ಮಿ, ಆ ವ್ಯತ್ಯಾಸದಿಂದ ಎಳೆದಂತಾಗಬಹುದಲ್ಲ ಎನ್ನುತ್ತಾರೆ. ಆಗುತ್ತದೆ, ನಿಜ. ಸೂಟು ಸೇರಿ 200 ಕಿಲೋ ಇರುವ ಮನುಷ್ಯ ನಿಲ್ದಾಣದಿಂದ 10 ಮೀಟರ್ ದೂರದಲ್ಲಿದ್ದರೆ ಆ ಎಳೆತ ಎಷ್ಟು ಗೊತ್ತಾ? ಒಂದು ಗ್ರಾಂ ತೂಕದಷ್ಟೂ ಇಲ್ಲ. ಇನ್ನು ಕೆಲವರು ನಿಲ್ದಾಣವೇ ತಿರುಗುತ್ತಿದ್ದಿರಬಹುದು ಎನ್ನುತ್ತಾರೆ. ಹಾಗೆ ತಿರುಗಿದ್ದರೆ ಹಿನ್ನೆಲೆಯಲ್ಲಿ ಭೂಮಿ, ನಕ್ಷತ್ರ ಎಲ್ಲ ತೊಟ್ಟಿಲ ಮೇಲಿನ ಗಿರಗಿಟ್ಟಲೆಯ ಹಾಗೆ ಸುತ್ತಬೇಕಿತ್ತು. ಮೂರನೆಯವರು, ಹಗ್ಗ ಇನ್ನೂ ಹಿಗ್ಗುತ್ತಿತ್ತು, ಅವರು ಪೂರ್ತಿ ನಿಂತಿರಲಿಲ್ಲ ಎನ್ನುತ್ತಾರೆ. ಇದು ಸ್ವಲ್ಪ ಗಟ್ಟಿ ವಾದ. ಆದರೆ ಇದನ್ನು ಸಿನಿಮಾವೇ ಮುರಿಯುತ್ತದೆ. ಕೊವಾಲ್ಸ್ಕಿ ಕಳಚಿಕೊಂಡ ಕೂಡಲೇ ಹಗ್ಗ ಸ್ಟೋನಳನ್ನು ನಿಲ್ದಾಣದ ಕಡೆಗೆ ವಾಪಸ್ ಸೆಳೆಯುತ್ತದೆ. ಅವಳನ್ನು ಸೆಳೆಯುವಷ್ಟು ಬಿಗಿ ಆ ಹಗ್ಗದಲ್ಲಿ ಇತ್ತು ಅಂದರೆ, ಅವನು ಇದ್ದಾಗಲೂ ಅದು ಇಬ್ಬರನ್ನೂ ಒಳಗೇ ಸೆಳೆಯುತ್ತಿರಬೇಕಿತ್ತು. ನಿಧಾನವಾಗಿ, ಆದರೆ ಒಳಗೆ. ಇನ್ನೂ ಅನುಮಾನ ಇದ್ದರೆ ಅವಳು ಪಟ್ಟಿಯನ್ನು ಒಂದೇ ಒಂದು ಸಲ ಜಗ್ಗಬಹುದಿತ್ತು. ಒಂದು ಕಿಲೋ ಸಕ್ಕರೆ ಪೊಟ್ಟಣ ಎತ್ತುವಷ್ಟು ಬಲ, ಒಂದು ಸೆಕೆಂಡು. 200 ಕಿಲೋ ಮನುಷ್ಯ ಸೆಕೆಂಡಿಗೆ ಐದು ಸೆಂಟಿಮೀಟರಿನಂತೆ ಹೊರಡುತ್ತಾನೆ. ಮತ್ತೆ ಯಾರೂ ಎಳೆಯಬೇಕಿಲ್ಲ. 10 ಮೀಟರ್ ದೂರ ಮೂರೂವರೆ ನಿಮಿಷದ ಕೆಲಸ.

‘ಹಗ್ಗ ಬಿಡಬೇಕಾಗಿರಲಿಲ್ಲ’ ಎಂದು ಮೊದಲು ಹೇಳಿದವನು ನನ್ನ ಗೆಳೆಯನೇನಲ್ಲ. ಸಿನಿಮಾ ಬಂದ ಹೊಸತರಲ್ಲೇ ನೀಲ್ ಡಿಗ್ರಾಸ್ ಟೈಸನ್ ಟ್ವಿಟರಿನಲ್ಲಿ ಇದನ್ನು ಎತ್ತಿದ್ದರು. ಬುಲಕ್ ಕೂದಲು ಯಾಕೆ ತೇಲುತ್ತಿಲ್ಲ ಅಂತಲೂ ಕೇಳಿದ್ದರು. ಇಂಥ ಪಟ್ಟಿ ಮಾಡುವವರನ್ನು ಕಂಡರೆ ಜನಕ್ಕೆ ಸಿಡಿಮಿಡಿ, ನನಗೂ ಅಷ್ಟೆ. ಕೂದಲು ತೇಲದಿದ್ದರೆ ಏನು ಮುಳುಗಿತು? ಹಬಲ್ ಮತ್ತು ನಿಲ್ದಾಣದ ಕಕ್ಷೆಗಳು ಬೇರೆ ಬೇರೆ ಓರೆಯಲ್ಲಿವೆ, ಒಂದರಿಂದ ಇನ್ನೊಂದಕ್ಕೆ ಬೆನ್ನಿಗೆ ಕಟ್ಟಿದ ಪುಟ್ಟ ಇಂಜಿನ್ನಿನಲ್ಲಿ ಹೋಗಲು ಸಾಧ್ಯವೇ ಇಲ್ಲ. ಅದು ಇನ್ನೂ ದೊಡ್ಡ ತಪ್ಪು. ಆದರೂ ಕ್ಷಮಿಸಬಹುದು. ಅವು ಕಥೆಗೆ ಜಾಗ ಮಾಡಿಕೊಡುವ ಸುಳ್ಳುಗಳು. ‘ಇಷ್ಟು ಒಪ್ಪಿಕೊಳ್ಳಿ, ಮುಂದೆ ನಿಯಮದ ಪ್ರಕಾರ ಆಡ್ತೀವಿ’ ಎಂಬ ಕರಾರು. ಚದುರಂಗದಲ್ಲಿ ಮಂತ್ರಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಯಾರೂ ಕೇಳುವುದಿಲ್ಲ. ಆಟದ ನಡುವೆ ಕುದುರೆಯನ್ನು ನೆಟ್ಟಗೆ ನಡೆಸಿದರೆ ಕೇಳಲೇಬೇಕು. ಹಗ್ಗದ ದೃಶ್ಯ ನೆಟ್ಟಗೆ ನಡೆದ ಕುದುರೆ.

ಯಾಕೆ ಅಂದರೆ ಇದು ಜಡತ್ವದ ಕುರಿತಾದ ಸಿನಿಮಾ. ಹೊರಗಿನ ಜಡತ್ವ ಅಷ್ಟೇ ಅಲ್ಲ, ಒಳಗಿನದ್ದೂ. ಸ್ಟೋನಳಿಗೆ ನಾಲ್ಕು ವರ್ಷದ ಮಗಳಿದ್ದಳು. ಶಾಲೆಯಲ್ಲಿ ಆಡುವಾಗ ಜಾರಿ ಬಿದ್ದು ತಲೆಗೆ ಏಟಾಗಿ ಸತ್ತುಹೋದಳು. ಫೋನು ಬಂದಾಗ ಇವಳು ಕಾರು ಓಡಿಸುತ್ತಿದ್ದಳು. ಅಂದಿನಿಂದ ಏಳುವುದು, ಕೆಲಸಕ್ಕೆ ಹೋಗುವುದು, ಆಮೇಲೆ ಸುಮ್ಮನೆ ಕಾರು ಓಡಿಸುವುದು, ಇಷ್ಟೇ ಬದುಕು. ಎಲ್ಲಿಗೂ ಅಲ್ಲ. ನಿಲ್ಲಿಸಲು ಕಾರಣವಿಲ್ಲ, ಅದಕ್ಕೇ ಹೋಗುತ್ತಿದ್ದಾಳೆ. ಇದನ್ನು ಬರೆದವರಿಗೆ ನ್ಯೂಟನ್ನನ ಮೊದಲ ನಿಯಮ ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ದುಃಖದಲ್ಲಿರುವವರು ನಿಂತುಹೋಗುತ್ತಾರೆ ಅಂತ ನಾವು ತಿಳಿಯುತ್ತೇವೆ. ಬಹಳಷ್ಟು ಸಲ ಅವರು ನಿಲ್ಲುವುದಿಲ್ಲ. ಲಾಗಿನ್ ಆಗ್ತಾರೆ, ಮೀಟಿಂಗಿಗೆ ಬರ್ತಾರೆ, ಟಾರ್ಗೆಟ್ ಮುಟ್ಟುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ.

ಮಗಳ ಸಾವಿನಲ್ಲಿ ಸ್ಟೋನಳಿಗೆ ತಡೆಯಲಾಗದ್ದು ಯಾವುದು? ಅದಕ್ಕೆ ಕಾರಣವಿಲ್ಲ. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ, ಯಾರೂ ತ್ಯಾಗ ಮಾಡಲಿಲ್ಲ. ಕಾಲು ಜಾರಿತು, ಆಗಿಹೋಯಿತು. ಈಗ ಕೊವಾಲ್ಸ್ಕಿಯ ಸಾವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿ. ಕಥೆ ಪ್ರಾಮಾಣಿಕವಾಗಿ ಹೋಗಿದ್ದರೆ ಏನಾಗುತ್ತಿತ್ತು? ಪುಟಿದು ಹೋಗುವಾಗ ಅವನ ಪಟ್ಟಿ ಅವಳ ಬೆರಳಿಗೆ ಒಂದು ಗೇಣು ಅಂತರದಲ್ಲಿ ತಪ್ಪಿಹೋಗಬೇಕಿತ್ತು. ಅಷ್ಟೇ ಸಾಕು. ಅವನ ಬೆನ್ನಿನ ಇಂಜಿನ್ನಿನಲ್ಲಿ ಇಂಧನ ಮುಗಿದಿದೆ. ನಡಿಗೆಯ ವೇಗದಲ್ಲಿ, ಕಣ್ಣಿಗೆ ಕಾಣುತ್ತ, ರೇಡಿಯೋದಲ್ಲಿ ಮಾತಾಡುತ್ತ ಅವನು ದೂರವಾಗುತ್ತಾನೆ. ಯಾವ ಶಕ್ತಿಯೂ ಎಳೆಯುತ್ತಿಲ್ಲ, ತಡೆಯುವುದು ಯಾವುದೂ ಇಲ್ಲ, ಅಷ್ಟೇ. ಅದು ಭೌತಶಾಸ್ತ್ರಕ್ಕೂ ನಿಷ್ಠವಾಗಿರುತ್ತಿತ್ತು, ಅವಳ ಮಗಳ ಸಾವಿಗೂ ಜೋಡಿಯಾಗುತ್ತಿತ್ತು. ಅವಳು ಎರಡನೇ ಸಲ ಅದೇ ಅರ್ಥವಿಲ್ಲದ ನಷ್ಟದ ಎದುರು ನಿಂತು, ಈ ಸಲ ಬೇರೆ ಉತ್ತರ ಕೊಡಬೇಕಾಗುತ್ತಿತ್ತು.

ಸಿನಿಮಾ ಅಷ್ಟು ದೂರ ಹೋಗಲು ಹೆದರಿತು. ಸ್ಟಾರ್ ನಟ ಸುಮ್ಮನೆ ಸಾಯುವ ಹಾಗಿಲ್ಲ, ನಿರ್ಧಾರ ಮಾಡಿ ಸಾಯಬೇಕು. ನಿರ್ಧಾರ ಬೇಕು ಅಂದರೆ ಸಂಕಟ ಬೇಕು, ಸಂಕಟಕ್ಕೆ ಎಳೆಯುವ ಶಕ್ತಿ ಬೇಕು. ಅಲ್ಲಿ ಅದು ಇರಲಿಲ್ಲ, ಹಾಗಾಗಿ ಬೆಟ್ಟದ ಅಂಚನ್ನು ಕಕ್ಷೆಗೆ ಕಳ್ಳಸಾಗಣೆ ಮಾಡಿದರು. ಪ್ರೇಕ್ಷಕರು ಒಪ್ಪಿದೆವು, ಅತ್ತೆವು. ನಮ್ಮ ಮೈ ಕಲಿತದ್ದೇ ಅದು. ಯಾರಾದರೂ ದೂರ ಹೋಗುತ್ತಿದ್ದರೆ ಏನೋ ಎಳೆಯುತ್ತಿರಲೇಬೇಕು ಎಂಬ ನಂಬಿಕೆ, ಅರಿಸ್ಟಾಟಲನ ಕಾಲದ್ದು. ಸಿನಿಮಾ ಮೊದಲ ಭಾಗದಲ್ಲಿ ಕಷ್ಟಪಟ್ಟು ಕಿತ್ತುಹಾಕಿದ ಆ ನಂಬಿಕೆಯನ್ನು ತಾನೇ ವಾಪಸ್ ನೆಟ್ಟಿತು.

ಇದೇ ಸಿನಿಮಾದ ಜೊತೆ ನಮಗೊಂದು ವಿಚಿತ್ರ ನಂಟಿದೆ. ಅದು ತೆರೆಕಂಡ ಮುಂದಿನ ತಿಂಗಳು, 2013ರ ನವೆಂಬರ್ 5ಕ್ಕೆ ಮಂಗಳಯಾನ ಹೊರಟಿತು. ಆ ಯೋಜನೆಯ ಖರ್ಚು 450 ಕೋಟಿ ರೂಪಾಯಿ, ‘ಗ್ರಾವಿಟಿ’ ಸಿನಿಮಾದ ಖರ್ಚಿಗಿಂತ ಕಮ್ಮಿ ಎಂದು 2014ರಲ್ಲಿ ಪ್ರಧಾನಿಯೇ ಹೇಳಿದರು. ಆ ಹೋಲಿಕೆ ವಾಟ್ಸಾಪಿನಲ್ಲಿ ಸವೆಯುವಷ್ಟು ಓಡಾಡಿತು. ದುಡ್ಡಿನ ಹೋಲಿಕೆ ಬಿಡಿ, ನನಗೆ ಇಷ್ಟವಾಗುವುದು ಬೇರೆ ಹೋಲಿಕೆ. 2013ರ ಡಿಸೆಂಬರ್ 1ರಂದು ನೌಕೆ ಭೂಮಿಯ ಹಿಡಿತ ಬಿಟ್ಟಿತು. ಆಮೇಲೆ ಅದರ ಮುಖ್ಯ ಇಂಜಿನ್ ಸುಮಾರು 300 ದಿನ ಆಫ್ ಆಗಿತ್ತು. ನಡುವೆ ಪುಟ್ಟ ಇಂಜಿನ್ನುಗಳಿಂದ ಅಷ್ಟಿಷ್ಟು ದಾರಿ ತಿದ್ದಿದರು. ಸೂರ್ಯನ ಎಳೆತ ದಾರಿಯನ್ನು ಬಾಗಿಸುತ್ತಿತ್ತು. ಮಿಕ್ಕಂತೆ ಅದು ಹೋಗುತ್ತಿತ್ತು, ಹೋಗುತ್ತಿದ್ದುದರಿಂದಲೇ ಹೋಗುತ್ತಿತ್ತು. 2014ರ ಸೆಪ್ಟೆಂಬರ್ 22ಕ್ಕೆ ಇಂಜಿನ್ ಏಳುತ್ತದೋ ಇಲ್ಲವೋ ಎಂದು ಸುಮಾರು ನಾಲ್ಕು ಸೆಕೆಂಡು ಉರಿಸಿ ನೋಡಿದರು. 24ರ ಬೆಳಿಗ್ಗೆ ಸುಮಾರು 23 ನಿಮಿಷ ಉರಿಸಿದರು. 440 ನ್ಯೂಟನ್ ಇಂಜಿನ್, ಅಂದರೆ ಸುಮಾರು 45 ಕಿಲೋ ಎತ್ತುವಷ್ಟು ಬಲ. ಉರಿಸಿದ್ದು ಹೋಗುವುದಕ್ಕಲ್ಲ, ವೇಗ ಕಡಿಮೆ ಮಾಡುವುದಕ್ಕೆ. ಆ ಇಂಜಿನ್ ಏಳದಿದ್ದರೆ ನೌಕೆ ‘ನಿಂತುಹೋಗುತ್ತಿರಲಿಲ್ಲ’, ಮಂಗಳವನ್ನು ದಾಟಿ ಹೊರಟುಹೋಗುತ್ತಿತ್ತು. ಆ ಬೆಳಿಗ್ಗೆ ಪೀಣ್ಯದ ಕೇಂದ್ರದಲ್ಲಿ ಕೂತವರ ಮುಖಗಳನ್ನು ಟಿವಿಯಲ್ಲಿ ನೋಡಿದ್ದೇನೆ. ಆ ಭಯ ನಿಜವಾದ ಜಡತ್ವದ ಭಯ. ಅದರಲ್ಲಿ ನಾಟಕಕ್ಕೇನೂ ಕೊರತೆ ಇರಲಿಲ್ಲ, ಯಾರೂ ಸುಳ್ಳು ಬಲವನ್ನು ಸೇರಿಸಬೇಕಾಗಿರಲಿಲ್ಲ.

ಈ ತಪ್ಪು ಪರದೆಯ ಮೇಲೆ ಮಾತ್ರ ಇದ್ದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಬ್ರೇಕ್ ಹಾಕಿದಾಗ ಬಸ್ಸು ನಮ್ಮನ್ನು ‘ಮುಂದಕ್ಕೆ ಎಸೆಯಿತು’ ಅಂತೀವಿ. ಯಾರೂ ಎಸೆಯಲಿಲ್ಲ. ಬಸ್ಸು ನಿಂತಿತು, ನಾವು ನಿಲ್ಲಲಿಲ್ಲ. ಎಸೆಯುವ ಶಕ್ತಿ ಇದೆ ಎಂದು ನಂಬಿದವನು ಅದನ್ನು ಕೈಯಿಂದ ತಡೆಯಬಹುದು ಅಂತಲೂ ನಂಬುತ್ತಾನೆ. ಅದಕ್ಕೇ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂರುತ್ತೇವೆ, ‘ಮುಂದಿನ ಸೀಟು ಹಿಡ್ಕೋತೀನಿ ಬಿಡು’ ಅಂತೀವಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ‘ಗಟ್ಟಿಯಾಗಿ ಹಿಡ್ಕೊಂಡಿದೀನಿ’ ಅಂತೀವಿ. ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಏನಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅನ್ನಿ. 10 ಕಿಲೋ ಮಗುವನ್ನು ಅಷ್ಟೇ ಹೊತ್ತಿನಲ್ಲಿ ನಿಲ್ಲಿಸಲು ಬೇಕಾದ ಬಲ ಸುಮಾರು 1,400 ನ್ಯೂಟನ್, ಎಂದರೆ 140 ಕಿಲೋ ಎತ್ತಿ ಹಿಡಿದಂತೆ. ಯಾವ ತಾಯಿಯ ಪ್ರೀತಿಯೂ ಅಷ್ಟನ್ನು ಹಿಡಿಯಲಾರದು. ಇದರಲ್ಲಿ ತ್ಯಾಗಕ್ಕೆ, ನಿರ್ಧಾರಕ್ಕೆ ಸಮಯವೇ ಇಲ್ಲ. ನಿರ್ಧಾರ ಮಾಡುವ ಕ್ಷಣ ಮನೆಯ ಗೇಟಿನ ಬಳಿ, ಬೆಲ್ಟಿನ ಕೊಂಡಿ ಕೈಯಲ್ಲಿರುವಾಗ ಇತ್ತು. ಕೊವಾಲ್ಸ್ಕಿ ಕಳಚಿಕೊಂಡ ಕೊಂಡಿಯನ್ನು ನಾವು ಹಾಕಿಕೊಳ್ಳಬೇಕಿತ್ತು.

ಇಷ್ಟೆಲ್ಲ ಬೈದ ಮೇಲೂ, ಕೊನೆಯ ದೃಶ್ಯಕ್ಕಾಗಿ ಈ ಸಿನಿಮಾವನ್ನು ನೀವು ನೋಡಬೇಕು ಅಂತಲೇ ಹೇಳ್ತೀನಿ. ನಡುವೆ ಒಂದು ಚೆಂದದ ಸಂಗತಿಯೂ ಇದೆ. ನಿಲ್ದಾಣದೊಳಗೆ ಬೆಂಕಿ ಆರಿಸಲು ಹೋದಾಗ ಅಗ್ನಿಶಾಮಕ ಸಿಲಿಂಡರ್ ಸ್ಟೋನಳನ್ನು ಹಿಂದಕ್ಕೆ ತಳ್ಳಿ ತಲೆ ಬಡಿಸುತ್ತದೆ. ಆಮೇಲೆ ಅದೇ ಸಿಲಿಂಡರನ್ನು ಹಿಡಿದು, ಅದೇ ತಳ್ಳುವಿಕೆಯನ್ನು ಬಳಸಿಕೊಂಡು ಅವಳು ಚೀನಾದ ನಿಲ್ದಾಣದ ಕಡೆ ಸಾಗುತ್ತಾಳೆ. ಏಟು ಕೊಟ್ಟ ಬಲದಿಂದಲೇ ದಾರಿ ಮಾಡಿಕೊಳ್ಳುತ್ತಾಳೆ. ಇಲ್ಲಿ ಭೌತಶಾಸ್ತ್ರ, ಕಥೆ ಎರಡೂ ಒಂದೇ ಮಾತಾಡುತ್ತವೆ.

ಕೊನೆಗೆ ಅವಳ ನೌಕೆ ಒಂದು ಕೆರೆಗೆ ಬೀಳುತ್ತದೆ. ಈಜಿ ದಡಕ್ಕೆ ಬರುತ್ತಾಳೆ. ತೆವಳುತ್ತಾಳೆ. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಏಳಲು ನೋಡುತ್ತಾಳೆ, ಆಗುವುದಿಲ್ಲ. ಮತ್ತೆ ನೋಡುತ್ತಾಳೆ. ಕಾಲು ನಡುಗುತ್ತದೆ. ಸಿನಿಮಾದುದ್ದಕ್ಕೂ ಇಲ್ಲದಿದ್ದ ಭಾರ ಈಗ ಅವಳ ಮೈಮೇಲೆ ಇದೆ, ಅದಕ್ಕೆ ಸಮನಾಗಿ ನೆಲ ಅವಳ ಪಾದವನ್ನು ಮೇಲಕ್ಕೆ ಒತ್ತುತ್ತಿದೆ. ಅವಳು ನಿಲ್ಲುತ್ತಾಳೆ. ಇಲ್ಲಿ ಎಳೆಯುತ್ತಿರುವವರು ಯಾರು, ಹಿಡಿದಿರುವವರು ಯಾರು ಎಂದು ಯಾರೂ ಕೇಳಬೇಕಿಲ್ಲ.

ಆ ದೃಶ್ಯ ಮುಗಿದಾಗ ರಾತ್ರಿ ಹನ್ನೊಂದೂವರೆ. ಹುಬ್ಬಳ್ಳಿಯ ಗೆಳೆಯನಿಗೆ ಮೆಸೇಜ್ ಹಾಕಿದೆ, “ನೀನು ಹೇಳಿದ್ದು ಸರಿ ಇತ್ತು ಮಾರಾಯ.” ಅವನಿಗೆ ಈಗ ಇಬ್ಬರು ಮಕ್ಕಳು. ಬೆಳಿಗ್ಗೆ ಉತ್ತರ ಬಂತು, “ಯಾವುದು?”